ನಿಮ್ಮ ನೆಟ್‌ವರ್ಕಿನಲ್ಲಿ ಯಾರು ಯಾರ ಜೊತೆ ಮಾತಾಡುತ್ತಿದ್ದಾರೆ?

ಮಧ್ಯಾಹ್ನ ಮೂರು ಗಂಟೆಯಾಯಿತೆಂದರೆ ಕಚೇರಿಯ ನೆಟ್ ಕುಂಟತೊಡಗುತ್ತದೆ. ಬ್ಯಾಂಕಿನ ಪುಟ ತೆರೆಯಲು ನಿಮಿಷಗಟ್ಟಲೆ ಹಿಡಿಯುತ್ತದೆ, ವಿಡಿಯೊ ಕಾಲಿನಲ್ಲಿ ಎದುರಿನವರ ಮುಖ ಚೌಕಚೌಕವಾಗಿ ಒಡೆದುಹೋಗುತ್ತದೆ. ಕನೆಕ್ಷನ್ ಕೊಟ್ಟವರಿಗೆ ಫೋನ್ ಮಾಡಿದರೆ ‘ನಮ್ಮ ಕಡೆ ಎಲ್ಲ ಸರಿ ಇದೆ ಸಾರ್, ಒಂದ್ಸಲ ರೂಟರ್ ಆಫ್ ಮಾಡಿ ಆನ್ ಮಾಡಿ’ ಎಂಬ ಉತ್ತರ. ಸ್ಪೀಡ್ ಟೆಸ್ಟ್ ಮಾಡಿದರೆ ಒಮ್ಮೆ 90, ಇನ್ನೊಮ್ಮೆ 12. ಯಾವುದೋ ಕಂಪ್ಯೂಟರ್ ಲೈನನ್ನೆಲ್ಲ ನುಂಗುತ್ತಿದೆಯೇ, ವೈಫೈ ಹದಗೆಟ್ಟಿದೆಯೇ, ಇಲ್ಲ ಹೊರಗಿನ ಕೇಬಲ್ಲಿನಲ್ಲೇ ತೊಂದರೆಯೇ ಎಂಬುದು ಈ ಅಂಕಿಗಳಿಂದ ತಿಳಿಯುವುದಿಲ್ಲ.

ತಿಳಿಯಲು ನೇರವಾದ ದಾರಿಯೊಂದಿದೆ. ತಂತಿಯಲ್ಲಿ ಹಾದುಹೋಗುವ ಮಾಹಿತಿಯ ತುಣುಕುಗಳ, ಅಂದರೆ ಪ್ಯಾಕೆಟ್‌ಗಳ, ಒಂದು ಪ್ರತಿ ತೆಗೆದುಕೊಂಡು ಓದುವುದು. ಪಿಂಗ್, ಸ್ಪೀಡ್ ಟೆಸ್ಟ್, ಎನ್‌ಮ್ಯಾಪ್ ಇವೆಲ್ಲ ತಾವೇ ಪ್ಯಾಕೆಟ್ ಕಳಿಸಿ ಉತ್ತರಕ್ಕೆ ಕಾಯುವ ಸಾಧನಗಳು. ಈ ಲೇಖನದಲ್ಲಿ ಬರುವವು ಏನನ್ನೂ ಕಳಿಸುವುದಿಲ್ಲ, ಏನನ್ನೂ ತಡೆಯುವುದಿಲ್ಲ. ಇರುವುದನ್ನು ಇದ್ದ ಹಾಗೆ ನೋಡಿ ಬರೆದಿಡುತ್ತವೆ. ಹಾಗಾಗಿ ನೆಟ್‌ವರ್ಕಿನ ಮೇಲೆ ಹೊಸ ಭಾರ ಬೀಳುವುದಿಲ್ಲ. ಒಳಗೆ ನುಸುಳಿದ ಕಳ್ಳನಿಗೂ ತನ್ನನ್ನು ನೋಡುತ್ತಿದ್ದಾರೆಂಬ ಸುಳಿವು ಸಿಗುವುದಿಲ್ಲ. ಇವುಗಳಲ್ಲಿ ಅತ್ಯುತ್ತಮವಾದವು ಉಚಿತವಾಗಿಯೇ ಸಿಗುತ್ತವೆ, ಸೋರ್ಸ್ ಕೋಡ್ ಕೂಡ ಎಲ್ಲರಿಗೂ ತೆರೆದಿದೆ.

ನನ್ನನ್ನು ಕೇಳುವವರೆಲ್ಲರ ಮೊದಲ ಪ್ರಶ್ನೆ ‘ಯಾವ ಸಾಫ್ಟ್‌ವೇರ್ ಹಾಕಿಕೊಳ್ಳಲಿ?’ ಎಂಬುದು. ಅದಕ್ಕಿಂತ ಮೊದಲು ಎರಡು ಸಂಗತಿ ತೀರ್ಮಾನವಾಗಬೇಕು. ನಿಮಗೆ ತಿಳಿಯಬೇಕಾದದ್ದು ಏನು, ಮತ್ತು ಯಾವ ಜಾಗದಲ್ಲಿ ನಿಂತು ನೋಡುತ್ತೀರಿ. ಇವು ಸ್ಪಷ್ಟವಾದರೆ ಸಾಧನ ತಾನಾಗಿಯೇ ಗೊತ್ತಾಗುತ್ತದೆ.

ಒಂದೇ ಪ್ರಯೋಗಾಲಯದಿಂದ ಬಂದವು

ಈ ವಿದ್ಯೆಯ ಬೇರುಗಳೆಲ್ಲ ಹೆಚ್ಚುಕಡಿಮೆ ಒಂದೇ ಕಡೆ ಇವೆ. ಅದು ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ. 1986ರಲ್ಲಿ ಅಲ್ಲಿ ಕೆಲಸ ಮಾಡುತ್ತಿದ್ದ ಖಗೋಳ ವಿಜ್ಞಾನಿ ಕ್ಲಿಫರ್ಡ್ ಸ್ಟೋಲ್ ಅವರಿಗೆ ಕಂಪ್ಯೂಟರ್ ಬಳಕೆಯ ಲೆಕ್ಕದಲ್ಲಿ 75 ಸೆಂಟ್ ವ್ಯತ್ಯಾಸ ಕಂಡಿತು. ಅದರ ಬೆನ್ನು ಹತ್ತಿದಾಗ ಹೊರಗಿನವನೊಬ್ಬ ಫೋನ್ ಲೈನ್ ಮೂಲಕ ಒಳಗೆ ಬರುತ್ತಿರುವ ಅನುಮಾನ ಹುಟ್ಟಿತು. ಸ್ಟೋಲ್ ಬಾಗಿಲು ಮುಚ್ಚಲಿಲ್ಲ. ವಾರಾಂತ್ಯದಲ್ಲಿ ಅಕ್ಕಪಕ್ಕದ ಮೇಜುಗಳಿಂದ ಪ್ರಿಂಟರ್, ಟರ್ಮಿನಲ್‌ಗಳನ್ನು ಎರವಲು ತಂದು ಒಳಬರುವ ಲೈನುಗಳಿಗೆ ಜೋಡಿಸಿದರು. ಆ ವ್ಯಕ್ತಿ ಒತ್ತಿದ ಪ್ರತಿ ಅಕ್ಷರವೂ ಅವನಿಗೆ ಗೊತ್ತಿಲ್ಲದಂತೆ ಕಾಗದದ ಮೇಲೆ ಮೂಡಿತು. ತಿಂಗಳುಗಟ್ಟಲೆ ನಡೆದ ಈ ಕಾವಲಿನ ಜಾಡು ಕೊನೆಗೆ ಮುಟ್ಟಿದ್ದು ಪಶ್ಚಿಮ ಜರ್ಮನಿಯ ಹ್ಯಾನೋವರ್ ನಗರವನ್ನು. ಅಲ್ಲಿಂದ ಅಮೆರಿಕದ ಮಿಲಿಟರಿ ಕಂಪ್ಯೂಟರುಗಳನ್ನು ತಡಕಾಡಿ, ಸಿಕ್ಕಿದ್ದನ್ನು ಸೋವಿಯತ್ ಗೂಢಚಾರ ಸಂಸ್ಥೆಗೆ ಮಾರುತ್ತಿದ್ದ ಗುಂಪು ಸಿಕ್ಕಿಬಿತ್ತು.

ಅದೇ ವರ್ಷದ ಅಕ್ಟೋಬರಿನಲ್ಲಿ ಅದೇ ಪ್ರಯೋಗಾಲಯಕ್ಕೂ ಸುಮಾರು 400 ಗಜ ದೂರದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ಸಂಪರ್ಕ ಸೆಕೆಂಡಿಗೆ 32,000 ಬಿಟ್‌ಗಳಿಂದ 40 ಬಿಟ್‌ಗಳಿಗೆ ಕುಸಿಯಿತು. ಎಲ್ಲ ಕಂಪ್ಯೂಟರುಗಳೂ ಕಳೆದುಹೋದ ಪ್ಯಾಕೆಟ್‌ಗಳನ್ನು ಮತ್ತೆ ಮತ್ತೆ ಕಳಿಸಿ ದಾರಿಯನ್ನೇ ಕಟ್ಟಿಹಾಕಿದ್ದವು. ವ್ಯಾನ್ ಜೇಕಬ್‌ಸನ್ ಇದರ ಕಾರಣ ಹುಡುಕಿ 1988ರಲ್ಲಿ ಪ್ರಕಟಿಸಿದ ಪರಿಹಾರ ಇಂದಿಗೂ ನಿಮ್ಮ ಫೋನಿನಲ್ಲಿ ಪ್ಯಾಕೆಟ್‌ಗಳ ರವಾನೆ ನೋಡಿಕೊಳ್ಳುವ ಟಿಸಿಪಿಯೊಳಗೆ ಕೆಲಸ ಮಾಡುತ್ತಿದೆ. ಜೇಕಬ್‌ಸನ್ ಮತ್ತು ಸಂಗಡಿಗರು ಅದೇ 1988ರಲ್ಲಿ ಬರೆದ ಪುಟ್ಟ ಪ್ರೋಗ್ರಾಂ ಟಿಸಿಪಿಡಂಪ್. ಪ್ಯಾಕೆಟ್ ಹಿಡಿಯುವ ಅದರ ಭಾಗವನ್ನು ಬೇರೆ ಮಾಡಿ ಲಿಬ್‌ಪಿಕ್ಯಾಪ್ ಎಂಬ ಲೈಬ್ರರಿ ಮಾಡಿದರು. ಇವತ್ತಿನ ಸಾಧನಗಳಲ್ಲಿ ಬಹುಪಾಲು ಅದರ ಮೇಲೆ ಅಥವಾ ಅದರ ಫೈಲ್ ಮಾದರಿಯ ಮೇಲೆ ನಿಂತಿವೆ. 1995ರಲ್ಲಿ ವರ್ನ್ ಪ್ಯಾಕ್ಸನ್ ಬರೆಯತೊಡಗಿದ ‘ಬ್ರೋ’ ಕೂಡ ಅಲ್ಲಿಯದೇ. ಅದು 2018ರಲ್ಲಿ ಹೆಸರು ಬದಲಿಸಿಕೊಂಡು ‘ಜೀಕ್’ ಆಗಿದೆ.

ಎಲ್ಲಿ ನಿಂತು ನೋಡಬೇಕು?

ಹೊಸಬರು ಎಡವುವುದು ಇಲ್ಲೇ. ಲ್ಯಾಪ್‌ಟಾಪಿಗೆ ಪ್ಯಾಕೆಟ್ ಹಿಡಿದು ತೋರಿಸುವ ವೈರ್‌ಶಾರ್ಕ್ ಹಾಕಿ ಶುರು ಮಾಡುತ್ತಾರೆ, ಕಚೇರಿಯ ಎಲ್ಲರ ಟ್ರಾಫಿಕ್ ಕಾಣುತ್ತದೆಂದು ಕಾಯುತ್ತಾರೆ. ಕಾಣುವುದು ತಮ್ಮದು ಮಾತ್ರ, ಜೊತೆಗೆ ಎಲ್ಲರಿಗೂ ಸೇರಿಸಿ ಕೂಗುವ ಒಂದಷ್ಟು ಬ್ರಾಡ್‌ಕಾಸ್ಟ್ ಪ್ಯಾಕೆಟ್‌ಗಳು. ಹಳೆಯ ಕಾಲದ ಹಬ್ ಬಂದದ್ದನ್ನೆಲ್ಲ ಎಲ್ಲ ತಂತಿಗಳಿಗೂ ಹಂಚುತ್ತಿತ್ತು. ಸ್ವಿಚ್ ಹಾಗಲ್ಲ, ಅವರವರದ್ದನ್ನು ಅವರಿಗಷ್ಟೇ ಕೊಡುತ್ತದೆ. ನೆಟ್‌ವರ್ಕ್ ಕಾರ್ಡನ್ನು ಬಂದದ್ದನ್ನೆಲ್ಲ ತೆಗೆದುಕೊಳ್ಳುವ ಪ್ರಾಮಿಸ್ಕ್ಯುಯಸ್ ಮೋಡ್‌ಗೆ ಹಾಕಿದರೂ ನಿಮ್ಮ ತಂತಿಗೆ ಬಾರದೇ ಇರುವುದನ್ನು ಅದು ಹಿಡಿಯಲಾರದು.

ಎಲ್ಲರದ್ದೂ ಕಾಣಬೇಕೆಂದರೆ ಎಲ್ಲರದ್ದೂ ಹಾದುಹೋಗುವ ಜಾಗಕ್ಕೆ ಹೋಗಬೇಕು. ರೂಟರ್ ಅಂಥ ಜಾಗ. ಓಪನ್‌ಡಬ್ಲ್ಯುಆರ್‌ಟಿ ಹಾಕಿದ ರೂಟರ್ ಇದ್ದರೆ ಅದರಲ್ಲೇ ಟಿಸಿಪಿಡಂಪ್ ಓಡಿಸಬಹುದು. ಕಂಪನಿಯವರು ಕೊಟ್ಟ ಬೀಗ ಹಾಕಿದ ರೂಟರ್ ಆದರೆ ಅದರ ಹಿಂದೆ ಒಂದು ಮ್ಯಾನೇಜ್ಡ್ ಸ್ವಿಚ್ ಹಾಕಿ, ‘ಪೋರ್ಟ್ ಮಿರರಿಂಗ್’ ಎಂಬ ಸೌಲಭ್ಯ ಆನ್ ಮಾಡಿ. ರೂಟರಿಗೆ ಹೋಗುವ ಪೋರ್ಟಿನ ನಕಲು ಇನ್ನೊಂದು ಪೋರ್ಟಿಗೆ ಬರುತ್ತದೆ. ಅಲ್ಲಿಗೆ ಒಂದು ಹಳೆಯ ಕಂಪ್ಯೂಟರನ್ನೋ ರಾಸ್ಪ್‌ಬೆರಿ ಪೈಯನ್ನೋ ಸಿಕ್ಕಿಸಿದರೆ ನಿಮ್ಮ ಕಾವಲುಗೋಪುರ ಸಿದ್ಧ. ದೊಡ್ಡ ಸಂಸ್ಥೆಗಳಲ್ಲಿ ಇದಕ್ಕೆಂದೇ ‘ಟ್ಯಾಪ್’ ಎಂಬ ಪೆಟ್ಟಿಗೆ ಇರುತ್ತದೆ. ಫೈಬರ್ ಆದರೆ ಬೆಳಕಿನ ಒಂದಂಶವನ್ನು ಕವಲೊಡೆಸಿ ಪಕ್ಕಕ್ಕೆ ಕೊಡುತ್ತದೆ, ಕರೆಂಟು ಕೂಡ ಬೇಡ.

ಮಿರರಿಂಗ್‌ಗೆ ಒಂದು ಮಿತಿಯಿದೆ. ಒಂದು ಗಿಗಾಬಿಟ್ ಲಿಂಕಿನಲ್ಲಿ ಹೋಗುವುದು ಒಂದು, ಬರುವುದು ಒಂದು, ಒಟ್ಟು ಎರಡು ಗಿಗಾಬಿಟ್ ಹರಿಯಬಹುದು. ನಕಲು ಬರುವ ಪೋರ್ಟಿನಿಂದ ಹೊರಗೆ ಬರಲು ಜಾಗ ಇರುವುದು ಒಂದಕ್ಕೆ ಮಾತ್ರ. ಮಿಕ್ಕಿದ್ದು ಸದ್ದಿಲ್ಲದೆ ಬಿದ್ದುಹೋಗುತ್ತದೆ. ನೂರು ಮೆಗಾಬಿಟ್ಟಿನ ಕನೆಕ್ಷನ್ ಇರುವ ಕಚೇರಿಗೆ ಇದರ ಚಿಂತೆ ಬೇಡ.

ಇನ್ನೊಂದು ಮಾತು. ರೂಟರಿನ ಹೊರಬದಿಯಲ್ಲಿ ಹಿಡಿದರೆ ಒಳಗಿನ ಎಲ್ಲ ಯಂತ್ರಗಳೂ ಒಂದೇ ವಿಳಾಸದಿಂದ ಹೊರಟಂತೆ ಕಾಣುತ್ತವೆ, ಏಕೆಂದರೆ ರೂಟರ್ ವಿಳಾಸ ಬದಲಿಸಿ ಕಳಿಸುತ್ತದೆ. ಯಾರದ್ದು ಯಾವುದು ಎಂದು ಬಿಡಿಸಬೇಕಾದರೆ ಒಳಬದಿಯಲ್ಲೇ ಹಿಡಿಯಿರಿ. ವೈಫೈಯನ್ನು ಗಾಳಿಯಿಂದ ನೇರವಾಗಿ ಹಿಡಿಯುವ ಸಾಹಸಕ್ಕೂ ಕೈಹಾಕಬೇಡಿ. ಪ್ರತಿಯೊಂದು ಫೋನಿನ ಗೂಢಲಿಪಿಯ ಕೀಲಿ ಬೇರೆ ಬೇರೆ ಇರುವುದರಿಂದ ಅದು ತಲೆನೋವಿನ ಕೆಲಸ. ಆ್ಯಕ್ಸೆಸ್ ಪಾಯಿಂಟಿನ ಹಿಂದಿನ ತಂತಿಯಲ್ಲಿ ಅದೇ ಟ್ರಾಫಿಕ್ ಸುಲಭವಾಗಿ ಸಿಗುತ್ತದೆ.

ವೈರ್‌ಶಾರ್ಕ್ ತೆರೆದಾಗ

ಜೆರಾಲ್ಡ್ ಕೂಂಬ್ಸ್ 1998ರಲ್ಲಿ ‘ಇಥೀರಿಯಲ್’ ಎಂದು ಬಿಡುಗಡೆ ಮಾಡಿ, ಟ್ರೇಡ್‌ಮಾರ್ಕ್ ಕಾರಣಕ್ಕೆ 2006ರಲ್ಲಿ ಹೆಸರು ಬದಲಿಸಿದ ವೈರ್‌ಶಾರ್ಕ್ ಈ ಕ್ಷೇತ್ರದ ಮೊದಲ ಪಾಠಶಾಲೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ತೆರೆದು, ನೆಟ್‌ವರ್ಕ್ ಕಾರ್ಡ್ ಆರಿಸಿ, ನೀಲಿ ರೆಕ್ಕೆಯ ಗುಂಡಿ ಒತ್ತಿದರೆ ಸಾಲುಗಳು ಮೇಲೇರತೊಡಗುತ್ತವೆ. ಮೊದಲ ದಿನ ನೋಡಿದವರಿಗೆ ಗಾಬರಿಯಾಗುವಷ್ಟು ವೇಗ. ಒಂದೇ ಒಂದು ಪುಟ ತೆರೆದು ನಿಲ್ಲಿಸಿ, ನಿಧಾನವಾಗಿ ನೋಡಿ.

ಮೊದಲು ಬರುವುದು ಡಿಎನ್ಎಸ್ ಪ್ರಶ್ನೆ, ‘ಈ ಹೆಸರಿನ ತಾಣದ ವಿಳಾಸ ಏನು?’ ಎಂದು. ಅದರ ಉತ್ತರ ಇನ್ನೊಂದು ಸಾಲು. ನಂತರ ನಿಮ್ಮ ಯಂತ್ರ ಆ ವಿಳಾಸಕ್ಕೆ ಸಿನ್ ಎಂಬ ಪ್ಯಾಕೆಟ್ ಕಳಿಸುತ್ತದೆ, ಆ ಕಡೆಯಿಂದ ಸಿನ್-ಆ್ಯಕ್ ಬರುತ್ತದೆ, ಈ ಕಡೆಯಿಂದ ಆ್ಯಕ್ ಹೋಗುತ್ತದೆ. ಆಮೇಲೆ ಗೂಢಲಿಪಿ ಸಂಪರ್ಕ ಶುರು ಮಾಡುವ ಕ್ಲೈಂಟ್ ಹಲೋ. ಅದನ್ನು ಬಿಡಿಸಿ ನೋಡಿದರೆ ನೀವು ಹೋಗುತ್ತಿರುವ ತಾಣದ ಹೆಸರು ಸಾಮಾನ್ಯವಾಗಿ ತೆರೆದ ಅಕ್ಷರಗಳಲ್ಲಿ ಕುಳಿತಿರುತ್ತದೆ. ಅದರ ಮುಂದಿನದು ಬಹುತೇಕ ಗೂಢಲಿಪಿ.

ನಿಧಾನಕ್ಕೆ ಕಾರಣ ಇಷ್ಟರಲ್ಲೇ ಸಿಗುತ್ತದೆ. ಎಡಬದಿಯ ಸಮಯದ ಕಂಬಸಾಲು ನೋಡಿ. ಡಿಎನ್ಎಸ್ ಪ್ರಶ್ನೆಗೂ ಉತ್ತರಕ್ಕೂ ನಡುವೆ ಎರಡು ಸೆಕೆಂಡ್ ಕಳೆದಿದ್ದರೆ ಕಾಯಿಲೆ ಡಿಎನ್ಎಸ್‌ನದು. ಬೇರೆ ಡಿಎನ್ಎಸ್ ಸರ್ವರ್ ಹಾಕಿ ನೋಡಿ, ಲೈನ್ ಬದಲಿಸುವ ಅಗತ್ಯ ಬಾರದು. ಸಿನ್ ಹೋಗಿ ಸಿನ್-ಆ್ಯಕ್ ಬರುವ ಅಂತರ ಆ ಸರ್ವರಿಗೆ ಹೋಗಿ ಬರುವ ದಾರಿಯ ಕಾಲ. ಅದು 20 ಮಿಲಿಸೆಕೆಂಡ್ ಇದ್ದು, ನೀವು ಕೇಳಿದ ಮಾಹಿತಿಯ ಮೊದಲ ತುಣುಕು ಮಾತ್ರ ಮೂರು ಸೆಕೆಂಡ್ ಬಿಟ್ಟು ಬಂದರೆ ದಾರಿ ಚೆನ್ನಾಗಿದೆ, ಆ ಕಡೆಯ ಸರ್ವರ್ ತಿಣುಕುತ್ತಿದೆ ಎಂದರ್ಥ. ನಿಮ್ಮ ಯಂತ್ರವೇ ‘ಜೀರೋ ವಿಂಡೋ’ ಎಂದು ಹೇಳುತ್ತಿದ್ದರೆ ಬಂದದ್ದನ್ನು ತೆಗೆದುಕೊಳ್ಳಲು ಅದಕ್ಕೆ ಆಗುತ್ತಿಲ್ಲ. ನೆಟ್ಟನ್ನು ಬೈದು ಪ್ರಯೋಜನವಿಲ್ಲ, ಆ ಕಂಪ್ಯೂಟರನ್ನು ನೋಡಿ.

ಕಪ್ಪು ಹಿನ್ನೆಲೆಯ ಮೇಲೆ ಕೆಂಪು ಅಕ್ಷರದ ಸಾಲುಗಳು ಕಾಣತೊಡಗಿದರೆ ಗಮನ ಕೊಡಿ. ಅವು ಟಿಸಿಪಿಯಲ್ಲಿ ಎಡವಟ್ಟಾದ ಗುರುತು, ಬಹುತೇಕ ಕಳೆದುಹೋದ ಪ್ಯಾಕೆಟ್‌ಗಳು. ಎಲ್ಲಿ ಕಳೆದವು ಎಂಬುದನ್ನೂ ಪತ್ತೆ ಮಾಡಬಹುದು. ಕನೆಕ್ಷನ್ ಕೊಟ್ಟವರೊಂದಿಗೆ ವಾದಿಸುವವರಿಗೆ ಇದು ಬಹಳ ಉಪಯೋಗಕ್ಕೆ ಬರುತ್ತದೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ರೂಟರಿನ ಒಳಬದಿಯ ಸ್ವಿಚ್ಚಿನಲ್ಲಿ ನಿಂತು ಒಂದು ಡೌನ್‌ಲೋಡ್ ಹಿಡಿಯುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಪ್ಯಾಕೆಟ್‌ಗಳಿಗೆ ಕ್ರಮಸಂಖ್ಯೆ ಇರುತ್ತದೆ. ನಡುವೆ ಒಂದು ಸಂಖ್ಯೆ ಬಿಟ್ಟುಹೋಗಿ, ವೈರ್‌ಶಾರ್ಕ್ ‘ಹಿಂದಿನ ತುಣುಕು ಸಿಕ್ಕಿಲ್ಲ’ ಎಂಬರ್ಥದ ಟಿಪ್ಪಣಿ ಹಾಕಿ, ಸ್ವಲ್ಪ ಹೊತ್ತಿನ ನಂತರ ಆ ತುಣುಕು ಮೊದಲ ಸಲ ಕಾಣಿಸಿಕೊಂಡರೆ, ಅದು ಕಳೆದದ್ದು ನಿಮ್ಮ ಸ್ವಿಚ್ ತಲುಪುವ ಮುಂಚೆ, ಅಂದರೆ ಹೊರಗಿನ ದಾರಿಯಲ್ಲಿ ಅಥವಾ ರೂಟರಿನಲ್ಲಿ. ಅದೇ ತುಣುಕು ನಿಮ್ಮ ಕಣ್ಣೆದುರು ಎರಡು ಸಲ ಹಾದುಹೋದರೆ, ಮೊದಲನೆಯದು ನಿಮ್ಮನ್ನು ದಾಟಿದ ಮೇಲೆ ಬಿದ್ದಿದೆ ಎಂದು ಸಾಮಾನ್ಯವಾಗಿ ತಿಳಿಯಬಹುದು. ಆಗ ಅನುಮಾನಿಸಬೇಕಾದದ್ದು ಒಳಗಿನ ವೈಫೈಯನ್ನೋ ಸಡಿಲ ಕೇಬಲ್ಲನ್ನೋ. ಮೂರನೆಯ ಸಾಧ್ಯತೆಯೂ ಉಂಟು. ಬಿಟ್ಟುಹೋದ ತುಣುಕು ತಲುಪಿದೆ ಎಂದು ಕಂಪ್ಯೂಟರ್ ಸ್ವೀಕೃತಿ ಕೊಟ್ಟಿದೆ, ಆದರೆ ನಿಮಗೆ ಅದು ಕಂಡೇ ಇಲ್ಲ. ಅದು ನೆಟ್‌ವರ್ಕಿನ ದೋಷವಲ್ಲ, ಹಿಡಿಯುವ ಯಂತ್ರ ತಪ್ಪಿಸಿಕೊಂಡದ್ದು. ದೂರು ಬರೆಯುವ ಮುನ್ನ ಇದನ್ನು ಪರೀಕ್ಷಿಸಿಕೊಳ್ಳಲೇಬೇಕು. ಹೀಗೆ ಹಿಡಿದ ಎರಡು ನಿಮಿಷದ ದಾಖಲೆ ಕೈಯಲ್ಲಿದ್ದರೆ ‘ರೂಟರ್ ಆಫ್ ಮಾಡಿ’ ಎಂಬ ಉತ್ತರಕ್ಕೆ ಜಾಗವಿರುವುದಿಲ್ಲ.

ಸಾವಿರಾರು ಸಾಲುಗಳಲ್ಲಿ ಬೇಕಾದದ್ದನ್ನು ಹೆಕ್ಕಲು ಎರಡು ಬಗೆಯ ಸೋಸುವಿಕೆ ಇದೆ. ಹಿಡಿಯುವಾಗಲೇ ಸೋಸುವುದು ಒಂದು, ಹಿಡಿದ ಮೇಲೆ ತೋರಿಸುವಾಗ ಸೋಸುವುದು ಇನ್ನೊಂದು. ಎರಡರ ಬರವಣಿಗೆಯ ಕ್ರಮವೂ ಬೇರೆ, ಬೆರೆಸಿದರೆ ತಪ್ಪು ಎಂದು ಪೆಟ್ಟಿಗೆ ಕೆಂಪಾಗುತ್ತದೆ. ಹೊಸಬರು ಎರಡನೆಯದನ್ನೇ ಬಳಸಲಿ. ಹಿಡಿಯುವಾಗ ಬಿಟ್ಟದ್ದು ಮತ್ತೆ ಸಿಗುವುದಿಲ್ಲ.

ಎಲ್ಲವನ್ನೂ ತುಂಬಿಡಲು ಹೋಗಬೇಡಿ

ಪ್ಯಾಕೆಟ್‌ಗಳನ್ನು ಪೂರ್ತಿಯಾಗಿ ಹಿಡಿದಿಡುವ ಆಸೆಗೆ ಲೆಕ್ಕ ತಣ್ಣೀರು ಹಾಕುತ್ತದೆ. ನೂರು ಮೆಗಾಬಿಟ್ಟಿನ ಲೈನ್ ಇಡೀ ದಿನ ತುಂಬಿ ಹರಿದರೆ ಒಂದು ದಿಕ್ಕಿನಲ್ಲೇ 1 ಟೆರಾಬೈಟ್ ದಾಟುತ್ತದೆ. ಪ್ರತಿ ಪ್ಯಾಕೆಟ್ಟಿನ ಮೊದಲ 96 ಬೈಟ್ ಮಾತ್ರ ಉಳಿಸಿ ಎಂದು ಟಿಸಿಪಿಡಂಪ್‌ಗೆ ಹೇಳಬಹುದು. ವಿಳಾಸ, ಪೋರ್ಟ್, ಕ್ರಮಸಂಖ್ಯೆ ಎಲ್ಲ ಅಷ್ಟರಲ್ಲೇ ಬರುತ್ತವೆ. ಫೈಲುಗಳನ್ನು ಇಂತಿಷ್ಟು ಗಾತ್ರಕ್ಕೆ ತುಂಡು ಮಾಡಿ ಹಳೆಯದರ ಮೇಲೆ ಹೊಸದು ಬರೆಯುವ ವ್ಯವಸ್ಥೆಯೂ ಇದೆ.

ಆದರೆ ಮಧ್ಯಾಹ್ನ ಮೂರರ ಪ್ರಶ್ನೆಗೆ ಪ್ಯಾಕೆಟ್‌ಗಳೇ ಬೇಡ, ಫ್ಲೋ ಸಾಕು. ಹಿಂದಿನ ಎಸ್‌ಟಿಡಿ ಬೂತಿನ ಬಿಲ್ಲನ್ನು ನೆನಪಿಸಿಕೊಳ್ಳಿ. ಯಾವ ನಂಬರಿಗೆ, ಯಾವಾಗ, ಎಷ್ಟು ಹೊತ್ತು ಎಂಬುದು ಅಚ್ಚಾಗಿ ಬರುತ್ತಿತ್ತು, ಆಡಿದ ಮಾತು ಬರುತ್ತಿರಲಿಲ್ಲ. ಫ್ಲೋ ದಾಖಲೆಯೂ ಅಷ್ಟೇ. ಈ ವಿಳಾಸದಿಂದ ಆ ವಿಳಾಸಕ್ಕೆ, ಈ ಪೋರ್ಟಿನಲ್ಲಿ, ಇಷ್ಟು ಗಂಟೆಗೆ ಶುರುವಾಗಿ, ಇಷ್ಟು ಪ್ಯಾಕೆಟ್, ಇಷ್ಟು ಬೈಟ್. ಸಿಸ್ಕೊ ಕಂಪನಿ 1996ರಲ್ಲಿ ತಂದ ನೆಟ್‌ಫ್ಲೋ ಇದರ ಮೂಲ. ರೂಟರ್ ತಾನೇ ಕೊಡದಿದ್ದರೆ ಸಾಫ್ಟ್‌ಫ್ಲೋಡಿ ಎಂಬ ಪುಟ್ಟ ಪ್ರೋಗ್ರಾಂ ಪ್ಯಾಕೆಟ್ ನೋಡಿ ಫ್ಲೋ ತಯಾರಿಸುತ್ತದೆ, ಎನ್‌ಎಫ್‌ಡಂಪ್ ಅದನ್ನು ಸಂಗ್ರಹಿಸಿ ಕೇಳಿದಾಗ ಲೆಕ್ಕ ಕೊಡುತ್ತದೆ. ಕಪ್ಪು ಪರದೆಯ ಮೇಲೆ ಆಜ್ಞೆ ಬರೆಯಲು ಇಷ್ಟವಿಲ್ಲದವರಿಗೆ ಎನ್‌ಟಾಪ್‌ಎನ್‌ಜಿ ಇದೆ. ಇಟಲಿಯ ಪೀಸಾದಲ್ಲಿ ಲೂಕಾ ಡೇರಿ 1998ರಲ್ಲಿ ಶುರು ಮಾಡಿದ ಎನ್‌ಟಾಪ್‌ನ ಹೊಸ ಅವತಾರ ಅದು. ಬ್ರೌಸರಿನಲ್ಲಿ ತೆರೆದರೆ ಯಾವ ಯಂತ್ರ ಎಷ್ಟು ಬಳಸುತ್ತಿದೆ ಎಂಬುದು ಪಟ್ಟಿಯಾಗಿ, ನಕ್ಷೆಯಾಗಿ ಕಾಣುತ್ತದೆ. ಸಣ್ಣ ಕಚೇರಿ, ಶಾಲೆಯ ಲ್ಯಾಬ್, ಹಾಸ್ಟೆಲ್ ಇವಕ್ಕೆ ನಾನು ಮೊದಲು ಹೇಳುವುದು ಇದನ್ನೇ. ಅದರ ಉಚಿತ ಆವೃತ್ತಿಯೇ ಸಾಕು.

ಮೂರು ಗಂಟೆಯ ಕುಂಟಾಟಕ್ಕೆ ಆಗಾಗ ಸಿಗುವ ಕಾರಣವೊಂದನ್ನು ಇಲ್ಲಿ ಹೇಳಿಬಿಡುತ್ತೇನೆ. ಎನ್‌ಟಾಪ್‌ಎನ್‌ಜಿಯಲ್ಲಿ ಡೌನ್‌ಲೋಡ್ ಗೆರೆ ಅರ್ಧಕ್ಕಿಂತ ಕೆಳಗಿದ್ದು, ಅಪ್‌ಲೋಡ್ ಗೆರೆ ಮಾತ್ರ ನೆತ್ತಿಗೆ ತಾಗಿರುತ್ತದೆ. ಯಾವುದೋ ಒಂದು ಕಂಪ್ಯೂಟರ್ ಫೈಲುಗಳನ್ನೆಲ್ಲ ಕ್ಲೌಡ್ ಬ್ಯಾಕಪ್‌ಗೆ ಏರಿಸುತ್ತಿರುತ್ತದೆ. ಅಪ್‌ಲೋಡ್ ತುಂಬಿದರೆ ಡೌನ್‌ಲೋಡ್ ಏಕೆ ನಿಧಾನವಾಗಬೇಕು? ಬಂದ ಪ್ರತಿ ಕಂತಿಗೂ ಸ್ವೀಕೃತಿ ಹೊರಗೆ ಹೋಗಬೇಕು, ಅದು ಬ್ಯಾಕಪ್ಪಿನ ಸರತಿಯ ಹಿಂದೆ ನಿಂತುಬಿಡುತ್ತದೆ. ಸ್ವೀಕೃತಿ ತಡವಾದಷ್ಟೂ ಆ ಕಡೆಯವರು ಕಳಿಸುವುದೂ ನಿಧಾನ. ಬ್ಯಾಕಪ್ಪನ್ನು ರಾತ್ರಿಗೆ ಹಾಕಿದರೆ ಅಥವಾ ಅದರ ವೇಗಕ್ಕೆ ಮಿತಿ ಕಟ್ಟಿದರೆ ಹೊಸ ಲೈನಿನ ಖರ್ಚು ಉಳಿಯುತ್ತದೆ.

ಕಳ್ಳನ ಹೆಜ್ಜೆ

ಭದ್ರತೆಯ ದೃಷ್ಟಿಯಿಂದ ನೋಡುವವರಿಗೆ ಎರಡು ಹೆಸರು ಮುಖ್ಯ, ಸುರಿಕಾಟಾ ಮತ್ತು ಜೀಕ್. ಇವು ಒಂದಕ್ಕೊಂದು ಬದಲಿಯಲ್ಲ, ಜೊತೆಗೂಡಿ ಓಡಬೇಕಾದವು.

ಸುರಿಕಾಟಾ ನಿಯಮಗಳ ಪಟ್ಟಿ ಹಿಡಿದು ಕೂರುತ್ತದೆ. ಈ ಮಾದರಿಯ ಪ್ಯಾಕೆಟ್ ಕಂಡರೆ ಎಚ್ಚರಿಕೆ ಕೊಡು ಎಂಬಂಥ ಸಾವಿರಾರು ನಿಯಮಗಳು ಉಚಿತವಾಗಿ ಸಿಗುತ್ತವೆ. ಮಾರ್ಟಿನ್ ರೋಷ್ 1998ರಲ್ಲಿ ಬರೆದ ಸ್ನಾರ್ಟ್ ಇದೇ ಜಾತಿಯ ಹಿರಿಯಣ್ಣ. ಸುರಿಕಾಟಾವನ್ನು ಟ್ರಾಫಿಕ್ಕಿನ ದಾರಿಯಲ್ಲೇ ಕೂರಿಸಿ ಕೆಟ್ಟ ಪ್ಯಾಕೆಟ್‌ಗಳನ್ನು ತಡೆಯುವಂತೆಯೂ ಮಾಡಬಹುದು, ಆದರೆ ಆಗ ಅದು ಬರೀ ನೋಡುವ ಸಾಧನವಾಗಿ ಉಳಿಯುವುದಿಲ್ಲ. ಅದು ಕೆಟ್ಟರೆ ನೆಟ್ಟೂ ಕೆಡುತ್ತದೆ. ಮೊದಲ ಕೆಲವು ತಿಂಗಳು ನೋಡುವುದಕ್ಕಷ್ಟೇ ಬಿಡಿ. ಸುಳ್ಳು ಎಚ್ಚರಿಕೆಗಳನ್ನು ಕಳೆಯಲು ಅಷ್ಟು ಕಾಲ ಬೇಕೇ ಬೇಕು.

ಜೀಕ್ ಹೆಚ್ಚುಕಡಿಮೆ ಯಾವ ತೀರ್ಪನ್ನೂ ಕೊಡುವುದಿಲ್ಲ. ಕಂಡ ಪ್ರತಿ ಸಂಪರ್ಕಕ್ಕೂ ಒಂದು ಸಾಲು ಬರೆಯುತ್ತದೆ. ಸಂಪರ್ಕಗಳಿಗೆ ಒಂದು ಲಾಗ್, ಡಿಎನ್ಎಸ್‌ಗೆ ಒಂದು, ಗೂಢಲಿಪಿ ಸಂಪರ್ಕಗಳಿಗೆ ಒಂದು, ಯಾವ ಕ್ರಮಕ್ಕೂ ಹೊಂದದ ವಿಚಿತ್ರಗಳಿಗೆಂದೇ ಇನ್ನೊಂದು. ಎಲ್ಲದರಲ್ಲೂ ಒಂದೇ ಗುರುತಿನ ಸಂಖ್ಯೆ ಇರುವುದರಿಂದ ಒಂದು ಲಾಗಿನಿಂದ ಇನ್ನೊಂದಕ್ಕೆ ಜಾಡು ಹಿಡಿದು ಹೋಗಬಹುದು. ಮೂರು ತಿಂಗಳ ಹಿಂದೆ ಈ ವಿಳಾಸದ ಜೊತೆ ನಮ್ಮಲ್ಲಿ ಯಾರಾದರೂ ಮಾತಾಡಿದ್ದರೇ ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಜೀಕ್. ನನ್ನ ಒಲವು ಇದರ ಕಡೆಗೇ, ಏಕೆಂದರೆ ಯಾವುದು ಅಪಾಯ ಎಂದು ಇವತ್ತು ಗೊತ್ತಿಲ್ಲದಿದ್ದರೂ ನಾಳೆ ಹಿಂತಿರುಗಿ ನೋಡಬಹುದು. ಒಂದು ಎಚ್ಚರಿಕೆ: ಅದರ ಸಮಯ 1970ರಿಂದ ಎಣಿಸಿದ ಸೆಕೆಂಡುಗಳಲ್ಲಿರುತ್ತದೆ. ಭಾರತೀಯ ಸಮಯಕ್ಕೆ ಬದಲಿಸುವಾಗ ಐದೂವರೆ ಗಂಟೆ ಸೇರಿಸಲು ಮರೆತರೆ, ರಾತ್ರಿ ನಡೆದದ್ದನ್ನು ಸಂಜೆಯ ಪಾಳಿಯವರ ತಲೆಗೆ ಕಟ್ಟುವ ಅನಾಹುತವಾಗುತ್ತದೆ.

ಕಳ್ಳನ ಹೆಜ್ಜೆ ಹೇಗಿರುತ್ತದೆ ಎಂಬುದಕ್ಕೆ 2016ರ ಮಿರಾಯ್ ಎಂಬ ಮಾಲ್‌ವೇರ್ ಒಳ್ಳೆಯ ಉದಾಹರಣೆ. ಸಿಸಿ ಕ್ಯಾಮೆರಾ, ಡಿವಿಆರ್, ರೂಟರ್‌ಗಳಲ್ಲಿ ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಬದಲಿಸದೆ ಬಿಟ್ಟವರ ಉಪಕರಣಗಳನ್ನೆಲ್ಲ ಅದು ವಶ ಮಾಡಿಕೊಂಡಿತು. ಆ ವರ್ಷದ ಅಕ್ಟೋಬರ್ 21ರಂದು ಡೈನ್ ಎಂಬ ಡಿಎನ್ಎಸ್ ಕಂಪನಿಯ ಮೇಲೆ ಅವುಗಳಿಂದ ದಾಳಿ ನಡೆದು ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಹಲವರಿಗೆ ತೆರೆಯದಾದವು. ಸೋಂಕು ತಗುಲಿದ ಕ್ಯಾಮೆರಾ ಹೊಸ ಬಲಿಗಾಗಿ ಲೆಕ್ಕವಿಲ್ಲದಷ್ಟು ವಿಳಾಸಗಳ 23 ಮತ್ತು 2323ನೇ ಪೋರ್ಟ್ ತಟ್ಟುತ್ತಿತ್ತು. ಹಾಗೆ ತಟ್ಟುವ ಪ್ಯಾಕೆಟ್ಟಿನಲ್ಲಿ, ಯಾದೃಚ್ಛಿಕವಾಗಿರಬೇಕಾದ ಟಿಸಿಪಿ ಕ್ರಮಸಂಖ್ಯೆಯ ಜಾಗದಲ್ಲಿ ತಾನು ತಟ್ಟುತ್ತಿರುವ ವಿಳಾಸವನ್ನೇ ಬರೆದಿರುತ್ತಿತ್ತು. ಸುಮ್ಮನೆ ಕುಳಿತು ನೋಡುವವರಿಗೆ ಇದು ಬೆರಳಚ್ಚಿನಂತೆ ಸಿಕ್ಕಿತು, ಸಂಶೋಧಕರು ಅದರಿಂದಲೇ ಸೋಂಕಿತ ಯಂತ್ರಗಳನ್ನು ಎಣಿಸಿದರು.

ನಿಮ್ಮ ಅಂಗಡಿಯ ಕ್ಯಾಮೆರಾ ಪೆಟ್ಟಿಗೆ ಯಾರಾರ ಜೊತೆ ಮಾತಾಡುತ್ತದೆ ಎಂದು ಒಮ್ಮೆ ನೋಡಿ. ತಯಾರಕರ ಒಂದೆರಡು ಸರ್ವರ್, ಸಮಯ ಕೇಳುವ ಒಂದು ಸರ್ವರ್, ಅಷ್ಟಿದ್ದರೆ ಸಹಜ. ಗೊತ್ತಿಲ್ಲದ ನೂರಾರು ವಿಳಾಸಗಳಿಗೆ ಒಂದೊಂದೇ ಸಿನ್ ಹೋಗಿ ಉತ್ತರವಿಲ್ಲದೆ ಸತ್ತಿದ್ದರೆ ಅದರ ತಂತಿ ಕೀಳಿ. ಯಾವುದೋ ಕಂಪ್ಯೂಟರ್ ಹಗಲೂ ರಾತ್ರಿ ಸರಿಯಾಗಿ ಅರವತ್ತು ಸೆಕೆಂಡಿಗೊಮ್ಮೆ ಒಂದೇ ವಿಳಾಸಕ್ಕೆ ಅಷ್ಟೇ ಗಾತ್ರದ ಪ್ಯಾಕೆಟ್ ಕಳಿಸುತ್ತಿದ್ದರೂ ವಿಚಾರಿಸಬೇಕು. ಮನುಷ್ಯರ ಬಳಕೆಗೆ ಅಂಥ ಗಡಿಯಾರದ ಶಿಸ್ತು ಇರುವುದಿಲ್ಲ. ಅಪ್‌ಡೇಟ್ ವಿಚಾರಿಸುವ ಸಾಫ್ಟ್‌ವೇರ್ ಇರಬಹುದು, ಆಜ್ಞೆಗೆ ಕಾಯುವ ಮಾಲ್‌ವೇರ್ ಕೂಡ ಇರಬಹುದು.

ಗೂಢಲಿಪಿ ಬಂದ ಮೇಲೆ ಕಾಣುವುದೇನು?

ಇವತ್ತಿನ ವೆಬ್ ಟ್ರಾಫಿಕ್ ಬಹುಪಾಲು ಗೂಢಲಿಪಿಯಲ್ಲಿದೆ. ಪಾಸ್‌ವರ್ಡ್, ಮೆಸೇಜು, ಓದಿದ ಪುಟದ ಒಳಹೂರಣ ತಂತಿಯಲ್ಲಿ ನಿಂತವರಿಗೆ ಸಿಗುವುದಿಲ್ಲ. ವೆಬ್ ಗೂಢಲಿಪಿಯ 2018ರ ಆವೃತ್ತಿ ಟಿಎಲ್ಎಸ್ 1.3 ಬಂದ ಮೇಲೆ ಸರ್ವರಿನ ಪ್ರಮಾಣಪತ್ರವೂ ಮರೆಯಾಯಿತು. ಡಿಎನ್ಎಸ್ ಪ್ರಶ್ನೆಯನ್ನೂ ಗೂಢಲಿಪಿಯೊಳಗೆ ಕಳಿಸುವ ಪದ್ಧತಿ ಬ್ರೌಸರುಗಳಿಗೆ ಬಂದಿದೆ, ಕ್ಲೈಂಟ್ ಹಲೋದಲ್ಲಿನ ಹೆಸರನ್ನು ಮುಚ್ಚುವ ವ್ಯವಸ್ಥೆ ನಿಧಾನವಾಗಿ ಹರಡುತ್ತಿದೆ.

ಆದರೂ ಯಾರು, ಯಾರೊಂದಿಗೆ, ಯಾವಾಗ, ಎಷ್ಟು ಎಂಬುದು ಉಳಿದೇ ಇದೆ, ಅದನ್ನು ಮುಚ್ಚುವುದು ಕಷ್ಟ. ಪ್ಯಾಕೆಟ್‌ಗಳ ಗಾತ್ರ ಮತ್ತು ಅಂತರ ನೋಡಿ ಯಾವ ವಿಡಿಯೊ ನೋಡುತ್ತಿದ್ದಾರೆಂದು ಊಹಿಸಬಹುದೆಂದು ಸಂಶೋಧಕರು ತೋರಿಸಿದ್ದಾರೆ. ಕ್ಲೈಂಟ್ ಹಲೋದಲ್ಲಿ ಆಯ್ಕೆಗಳನ್ನು ಮುಂದಿಡುವ ರೀತಿಯಿಂದ ಅದು ಯಾವ ಸಾಫ್ಟ್‌ವೇರ್ ಎಂದು ಗುರುತಿಸುವ ಜೆಎ3 ಎಂಬ ವಿಧಾನ 2017ರಲ್ಲಿ ಬಂತು. ನಿಮ್ಮದೇ ಬ್ರೌಸರಿನ ಟ್ರಾಫಿಕ್ ಬಿಡಿಸಿ ನೋಡಬೇಕೆಂದರೆ ಕ್ರೋಮ್, ಫೈರ್‌ಫಾಕ್ಸ್ ಎರಡೂ ತಮ್ಮ ಕೀಲಿಗಳನ್ನು ಒಂದು ಫೈಲಿಗೆ ಬರೆಯಬಲ್ಲವು, ಆ ಫೈಲನ್ನು ವೈರ್‌ಶಾರ್ಕಿಗೆ ತೋರಿಸಿದರೆ ಒಳಗಿನದು ತೆರೆಯುತ್ತದೆ. ವಿದ್ಯಾರ್ಥಿಗಳು ಖಂಡಿತ ಮಾಡಿ ನೋಡಬೇಕಾದ ಪ್ರಯೋಗ ಇದು. ಫೋನಿನ ಆ್ಯಪ್‌ಗಳ ಬಗ್ಗೆ ಕುತೂಹಲವಿದ್ದರೆ ಆಂಡ್ರಾಯ್ಡ್‌ನಲ್ಲಿ ಪಿಕ್ಯಾಪ್‌ಡ್ರಾಯ್ಡ್ ಹಾಕಿ. ರೂಟ್ ಮಾಡದೆಯೇ ಯಾವ ಆ್ಯಪ್ ಯಾವ ಸರ್ವರಿಗೆ ಹೋಗುತ್ತಿದೆ ಎಂದು ಹೆಸರಿಟ್ಟು ತೋರಿಸುತ್ತದೆ. ಅದು ಫೋನಿನೊಳಗೇ ವಿಪಿಎನ್ ವೇಷದಲ್ಲಿ ನಡುವೆ ಕೂರುತ್ತದೆ, ಆದ್ದರಿಂದ ಪೂರ್ತಿ ಮುಟ್ಟದೆ ನೋಡುವ ಸಾಧನ ಎನ್ನಲಾಗದು.

ನೋಡುವ ಹಕ್ಕು ಯಾರಿಗೆ?

ಇದೇ ವಿದ್ಯೆ ದೊಡ್ಡವರ ಕೈಯಲ್ಲಿ ಏನಾಗುತ್ತದೆಂದು ಲೋಕಕ್ಕೆ ಗೊತ್ತಿದೆ. ಸ್ಯಾನ್ ಫ್ರಾನ್ಸಿಸ್ಕೊದ ಟೆಲಿಫೋನ್ ಕಟ್ಟಡವೊಂದರಲ್ಲಿ ಫೈಬರನ್ನು ಕವಲೊಡೆಸಿ ಅಮೆರಿಕದ ಗೂಢಚಾರ ಸಂಸ್ಥೆಯ ಕೋಣೆಗೆ ಪ್ರತಿ ಕೊಡುತ್ತಿದ್ದುದನ್ನು ಅಲ್ಲಿ ತಂತ್ರಜ್ಞರಾಗಿದ್ದ ಮಾರ್ಕ್ ಕ್ಲೈನ್ 2006ರಲ್ಲಿ ಬಯಲು ಮಾಡಿದರು. 2013ರಲ್ಲಿ ಎಡ್ವರ್ಡ್ ಸ್ನೋಡೆನ್ ಹೊರಹಾಕಿದ ದಾಖಲೆಗಳ ನಂತರ, ಇಂಟರ್‌ನೆಟ್ಟಿನ ನಿಯಮಗಳನ್ನು ರೂಪಿಸುವ ಐಇಟಿಎಫ್ 2014ರಲ್ಲಿ ಸರ್ವವ್ಯಾಪಿ ನಿಗಾವನ್ನು ದಾಳಿ ಎಂದೇ ಪರಿಗಣಿಸಬೇಕೆಂದು ಘೋಷಿಸಿತು.

ನಮ್ಮಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪು ಕೊಟ್ಟಿತು. ಆ ಅರ್ಜಿ ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದು ಕನ್ನಡಿಗರು ನೆನಪಿಡಬೇಕಾದ ಮಾತು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69 ಮತ್ತು 69ಬಿ ಸೆಕ್ಷನ್‌ಗಳು ಸರ್ಕಾರಕ್ಕೆ ನಿಗಾ ಇಡುವ ಅಧಿಕಾರ ಕೊಟ್ಟಿವೆ, ನಮಗೆ ನಿಮಗೆ ಅಲ್ಲ. ಮಾಲೀಕರ ಅನುಮತಿಯಿಲ್ಲದೆ ಬೇರೊಬ್ಬರ ನೆಟ್‌ವರ್ಕಿನ ಮಾಹಿತಿಯನ್ನು ಕೆಟ್ಟ ಉದ್ದೇಶದಿಂದ ನಕಲು ಮಾಡಿಕೊಂಡರೆ 43 ಮತ್ತು 66ನೇ ಸೆಕ್ಷನ್‌ಗಳಡಿ ಮೂರು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಹೋಟೆಲಿನ, ರೈಲು ನಿಲ್ದಾಣದ, ಪಕ್ಕದ ಮನೆಯ ವೈಫೈ ನಿಮ್ಮ ಅಭ್ಯಾಸದ ಮೈದಾನವಲ್ಲ.

ಕಂಪನಿ ನಡೆಸುವವರಿಗೆ ಇನ್ನೊಂದು ಬದಿಯಿಂದಲೂ ಹೊಣೆಯಿದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನ ಇಡಬೇಕು, ಸೈಬರ್ ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು. ಸುಮ್ಮನೆ ಬರೆದಿಡುವ ಜೀಕ್‌ನಂಥ ಸಾಧನ ಇದಕ್ಕೂ ಸಹಾಯಕ.

ಕಚೇರಿಯಲ್ಲಿ ಇದನ್ನು ಹಾಕುವ ಮುನ್ನ ನೌಕರರಿಗೆ ಬರವಣಿಗೆಯಲ್ಲಿ ತಿಳಿಸಿ. ಏನು ದಾಖಲಾಗುತ್ತದೆ, ಎಷ್ಟು ದಿನ ಇರುತ್ತದೆ, ಯಾರು ನೋಡಬಹುದು ಎಂದು ಒಂದು ಪುಟ ಸಾಕು. ನನ್ನ ಅಭಿಪ್ರಾಯದಲ್ಲಿ ಸಣ್ಣ ಕಚೇರಿಗೆ ಪ್ಯಾಕೆಟ್‌ಗಳ ಪೂರ್ತಿ ದಾಸ್ತಾನು ಬೇಡವೇ ಬೇಡ. ಫ್ಲೋ ಮತ್ತು ಡಿಎನ್ಎಸ್ ದಾಖಲೆ ಇದ್ದರೆ ತೊಂಬತ್ತು ಭಾಗ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ. ಹಿಡಿದ ಫೈಲನ್ನು ಸಹಾಯ ಕೇಳುವ ನೆಪದಲ್ಲಿ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಗೂಢಲಿಪಿಯಿಲ್ಲದ ಹಳೆಯ ಸಾಧನಗಳ ಪಾಸ್‌ವರ್ಡ್ ಅದರಲ್ಲಿ ತೆರೆದೇ ಇರಬಹುದು. ವೈರ್‌ಶಾರ್ಕನ್ನು ಅಡ್ಮಿನ್ ಅಧಿಕಾರದಲ್ಲಿ ಓಡಿಸುವುದೂ ತಪ್ಪು. ಸಾವಿರಾರು ಪ್ರೋಟೊಕಾಲ್ ಓದುವ ಅದರ ಕೋಡಿನಲ್ಲಿ ಆಗಾಗ ದೋಷ ಸಿಗುತ್ತಿರುತ್ತದೆ, ಅದನ್ನು ದುರ್ಬಳಕೆ ಮಾಡುವ ಪ್ಯಾಕೆಟ್ ತಂತಿಯಲ್ಲೇ ಬರಬಹುದು. ಹಿಡಿಯುವ ಕೆಲಸವನ್ನು ಟಿಸಿಪಿಡಂಪ್‌ಗೆ ಕೊಡಿ, ಓದುವ ಕೆಲಸವನ್ನು ಸಾಮಾನ್ಯ ಖಾತೆಯಲ್ಲಿ ಮಾಡಿ, ಆವೃತ್ತಿ ಹೊಸದಿರಲಿ.

ಕೊನೆಯದಾಗಿ, ನೆಟ್ ಚೆನ್ನಾಗಿರುವಾಗಲೇ ಈ ಕೆಲಸ ಶುರು ಮಾಡಿ. ಸಹಜ ದಿನದ ಟ್ರಾಫಿಕ್ ಹೇಗಿರುತ್ತದೆಂದು ಗೊತ್ತಿಲ್ಲದವರಿಗೆ ಕೆಟ್ಟ ದಿನದ ದಾಖಲೆ ನೋಡಿದರೂ ಯಾವುದು ಅಸಹಜ ಎಂದು ತಿಳಿಯುವುದಿಲ್ಲ. ಈ ವಾರವೇ ಎನ್‌ಟಾಪ್‌ಎನ್‌ಜಿಯನ್ನೋ ಜೀಕನ್ನೋ ಏಳು ದಿನ ಓಡಲು ಬಿಡಿ, ಪ್ರತಿ ಯಂತ್ರದ ವಿಳಾಸದ ಮುಂದೆ ಅದು ಯಾರ ಕಂಪ್ಯೂಟರ್, ಯಾವ ಪ್ರಿಂಟರ್, ಯಾವ ಕ್ಯಾಮೆರಾ ಎಂದು ಬರೆದುಕೊಳ್ಳಿ, ಆ ವಾರದ ದಾಖಲೆಗೆ ದಿನಾಂಕ ಹಾಕಿ ಬೇರೆ ಡಿಸ್ಕಿನಲ್ಲಿ ಎತ್ತಿಡಿ.